ಎಡಮುರಿ ಬಸವನಹುಳು

“ಬುದ್ಧಿ, ತಪ್ಪೊಪ್ಪಿಕೊಳ್ಳಲು ತಡವಾದರೆ ದೋಷ ಉಂಟೆ?” ಎಂದು ಚೆನ್ನವೀರ ಕೇಳಿದ.

ಮಠದ ಹಿರಿಯ ಸ್ವಾಮಿಗಳಿಗೆ ಈ ಪ್ರಶ್ನೆಯ ಬುಡ ಗೊತ್ತಿತ್ತು. ಎಂಟು ವರ್ಷದ ಹಿಂದೆ ಹೊಲ ಪಾಲಾಗುವಾಗ ಶಿಷ್ಯ ತನ್ನ ಅಣ್ಣನ ಮೇಲೆ ಕೈಮಾಡಿ ಊರು ಬಿಟ್ಟಿದ್ದ. ಅಣ್ಣ ಹಾಸಿಗೆ ಹಿಡಿದಿದ್ದಾನೆಂದು ನಿನ್ನೆ ಸುದ್ದಿ ಬಂದಿತ್ತು. ಶ್ರಾವಣದ ವ್ರತ ಮುಗಿಯಲಿ, ಆಮೇಲೆ ಹೋದರಾಯಿತು ಎಂದು ಇವನು ಕೂತಿದ್ದ.

“ದೋಷದ ಶಾಸ್ತ್ರ ನನಗೆ ಬರುವುದಿಲ್ಲ. ಕತೆ ಬರುತ್ತದೆ. ಬಾಯಿ ಮುಚ್ಚಿಕೊಂಡು ಕೇಳು,” ಎಂದರು ಸ್ವಾಮಿಗಳು.

ಒಂದು ಗುಡ್ಡದ ಕೆಳಗೆ ಒಬ್ಬ ಸುಣ್ಣಗಾರ ಇದ್ದ. ಆ ಗುಡ್ಡದಲ್ಲಿ ಒಂದು ಜಾತಿಯ ಬಸವನಹುಳು ಇತ್ತು. ಬೇರೆಯವುಗಳ ಚಿಪ್ಪು ಬಲಕ್ಕೆ ಸುತ್ತಿದರೆ ಇದರದ್ದು ಎಡಕ್ಕೆ. ಆ ಗುಡ್ಡ ಬಿಟ್ಟರೆ ಅದು ಇನ್ನೆಲ್ಲೂ ಇರಲಿಲ್ಲ. ಸತ್ತ ಹುಳುಗಳ ಖಾಲಿ ಚಿಪ್ಪು ಆರಿಸಿ ತಂದು, ಗೂಡಿನಲ್ಲಿ ಇದ್ದಿಲಿನ ಜೊತೆ ಸುಟ್ಟು ಸುಣ್ಣ ಮಾಡುವುದು ಅವನ ಕಸುಬು.

ಬೇಸಿಗೆಯಲ್ಲಿ ಈ ಹುಳು ಚಿಪ್ಪಿನ ಆಳಕ್ಕೆ ಸರಿದು ನಿದ್ದೆ ಹೋಗುತ್ತದೆ. ಸತ್ತದ್ದು ಯಾವುದು, ಮಲಗಿದ್ದು ಯಾವುದು, ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಸುಣ್ಣಗಾರರಲ್ಲಿ ಒಂದು ಕಟ್ಟಳೆ ಇತ್ತು. ಬೆಂಕಿ ಇಡುವ ಮುಂಚಿನ ದಿನ ರಾಶಿಗೆ ನೀರು ಹೊಯ್ದು ಇಡೀ ಹಗಲು ಕಾಯಬೇಕು. ಮಳೆ ಬಂತೆಂದುಕೊಂಡು ಜೀವ ಇದ್ದದ್ದು ತೆವಳಿ ಹೊರಗೆ ಬರುತ್ತದೆ. ಅದನ್ನು ಗುಡ್ಡಕ್ಕೆ ಬಿಟ್ಟುಬಂದು ಉಳಿದದ್ದನ್ನು ಸುಡಬೇಕು. ಗುಡ್ಡದ ಮರ ಕಡಿದಂತೆಲ್ಲ ಹೊರಬರುವ ಹುಳು ಕಡಿಮೆಯಾಗುತ್ತ ಬಂತು.

ಒಂದು ಬೇಸಿಗೆ ಊರಗೌಡ ಬಂದ. ನಾಳೆಯೇ ಮನೆಗೆ ಸುಣ್ಣ ಬಳಿಯಬೇಕೆಂದ. ಒಂದು ದಿನ ನೀರು ಹೊಯ್ದು ಕಾಯಬೇಕು ಗೌಡರೇ ಎಂದ ಸುಣ್ಣಗಾರ.

“ಹುಳುವಿಗೆ ಎಚ್ಚರ ಆಗಲಿ ಅಂತ ನನ್ನ ಮಗಳ ಮದುವೆ ಕಾಯಬೇಕೇನಯ್ಯ?”

ಸುಣ್ಣಗಾರ ತಲೆ ಕೆರೆದುಕೊಂಡ. ಹೋದ ವರ್ಷ ಬಂದದ್ದೇ ನಾಲ್ಕು ಹುಳು, ಈ ವರ್ಷ ಇನ್ನೇನಿದ್ದೀತು ಎಂದುಕೊಂಡು ಬೆಂಕಿ ಇಟ್ಟ. ಗೂಡಿನೊಳಗಿಂದ ಚುಂಯ್ ಎಂದು ಸದ್ದು ಬಂತು. ಒಂದಲ್ಲ, ಹತ್ತಾರು. ಅಯ್ಯೋ ಎಂದು ಎದೆ ಎದೆ ಬಡಿದುಕೊಂಡ. ಹೊತ್ತಿದ ಗೂಡನ್ನು ಆರಿಸುವಂತಿರಲಿಲ್ಲ. ಮುಂದಿನ ವರ್ಷ ಹೊರಬರುವ ಹುಳುಗಳಿಗೆ ಅಡ್ಡಬಿದ್ದು ತಪ್ಪಾಯಿತು ಎನ್ನುತ್ತೇನೆ ಎಂದು ಸಮಾಧಾನ ಮಾಡಿಕೊಂಡ. ಏನು ಅವಸರ? ಗುಡ್ಡ ಎಲ್ಲಿಗೆ ಓಡಿಹೋಗುತ್ತದೆ, ಅಲ್ಲವೇ?

ಮುಂದಿನ ವರ್ಷ ಒಂದೂ ಬರಲಿಲ್ಲ. ಐದು ಮಳೆಗಾಲ ಅವನು ಎಲೆ ಎತ್ತಿ, ಕಲ್ಲು ಮಗುಚಿ ಹುಡುಕಿದ. ಕಡೆಗೆ ಖಾಲಿ ಚಿಪ್ಪೂ ಸಿಗದಾಯಿತು. ಹೊಟ್ಟೆಪಾಡಿಗೆ ಗುಡ್ಡದ ಬುಡದಲ್ಲಿ ಸುಣ್ಣಕಲ್ಲು ಅಗೆಯತೊಡಗಿದ. ಒಂದು ದಿನ ಬಂಡೆ ಸೀಳಿದಾಗ ಒಳಗೆ ಒಂದು ಬಸವನಹುಳು ಕಂಡಿತು. ಸುತ್ತು ಎಡಕ್ಕಿತ್ತು. ಮನುಷ್ಯರು ಹುಟ್ಟುವ ಮೊದಲೇ ಅಲ್ಲಿ ಬಾಳಿ, ಸತ್ತು, ಕಲ್ಲಾದದ್ದು. ಆ ಜಾತಿಯದೆಂದು ತೋರಿಸಲು ಲೋಕದಲ್ಲಿ ಇನ್ನು ಅದೊಂದೇ ಇತ್ತು.

ಅದನ್ನು ಮನೆಗೆ ತಂದ. ಅಂಗಳದಲ್ಲಿಟ್ಟು, ನೀರು ಹೊಯ್ದು, ಎದುರಿಗೆ ಕೈಮುಗಿದು ಕೂತ. ಮಧ್ಯಾಹ್ನ ಕಳೆಯಿತು. ಹೆಂಡತಿ ಬಂದು, “ಅದು ಕಲ್ಲು ಕಣ್ರೀ, ಊಟಕ್ಕೆ ಏಳಿ,” ಎಂದಳು.

“ಇರೇ, ಇನ್ನು ಸ್ವಲ್ಪ ಹೊತ್ತು ನೋಡೋಣ,” ಎಂದು ಅವನು ಮತ್ತೊಂದು ಚೊಂಬು ನೀರು ಹೊಯ್ದ.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಚೆನ್ನವೀರನಿಗೆ ಸಂಕಟವಾಯಿತು. “ಅವನಿಗೆ ಕ್ಷಮೆ ಸಿಕ್ಕಿತೇ ಬುದ್ಧಿ?” ಎಂದು ಮೆಲ್ಲಗೆ ಕೇಳಿದ.

“ಅವನ ಮಾತು ಬಿಡು, ನಿನ್ನ ಅಣ್ಣನ ಊರು ಇಲ್ಲಿಂದ ಎಷ್ಟು ಹರದಾರಿ?”