ನಾಯಕನ ಬೂಟು ಮತ್ತು ಬೆಂಚು

ದೇಶಕ್ಕೇ ಮೊದಲೆನಿಸಿದ ಬಾಸ್ಕೆಟ್‌ಬಾಲ್ ತಂಡವೊಂದರಲ್ಲಿ ನಾಯಕನ ಬೂಟು ಇಡೀ ಲೀಗ್‌ನಲ್ಲಿ ಒಮ್ಮೆಯೂ ಅಂಕಣ ಬಿಟ್ಟು ಬಂದಿರಲಿಲ್ಲ. ಲೀಗ್ ಮುಗಿಯುತ್ತ ಬಂದಾಗ ಅದರ ಅಟ್ಟೆ ನುಣ್ಣಗೆ ಸವೆದಿತ್ತು. ಒಂದು ದಿನ ತಂಡ ನಲವತ್ತು ಅಂಕ ಮುಂದಿದ್ದಾಗ, ಬದಲಿ ಆಟಗಾರರು ಕೂರುವ ಬೆಂಚು ಅದನ್ನು ಕರೆಯಿತು.

"ಸ್ವಾಮಿ, ಗೆಲುವಂತೂ ಆಯಿತು. ಬಂದು ಸ್ವಲ್ಪ ಸುಧಾರಿಸಿಕೊಳ್ಳಿ."

"ನಾನು ಕೂತರೆ ಜನ ಎದ್ದು ಹೋಗುತ್ತಾರೆ," ಎಂದಿತು ಬೂಟು.

ಬೆಂಚಿನ ಕೆಳಗಿದ್ದ ಬದಲಿ ಆಟಗಾರನ ಹೊಸ ಬೂಟು ವಿನಯದಿಂದ ಕೇಳಿತು: "ನಾನಿನ್ನೂ ಕಾಲಿಗೆ ಒಗ್ಗಿಲ್ಲ. ಇವತ್ತಾದರೂ ನಾಲ್ಕು ಹೆಜ್ಜೆ ಓಡಲೇ?"

"ಗೆಲ್ಲುವ ಪಂದ್ಯವನ್ನು ಯಾರಾದರೂ ಹೊಸಬರ ಕೈಗೆ ಕೊಡುತ್ತಾರೆಯೇ?" ಎಂದು ನಾಯಕನ ಬೂಟು ಮತ್ತೆ ಓಡಿತು. ಬೇಡ ಎಂದವರನ್ನು ಎಳೆದು ಕೂರಿಸುವುದು ಬೆಂಚಿನ ಕೆಲಸವಲ್ಲ.

ಫೈನಲ್‌ನಲ್ಲಿ ಎರಡೂ ತಂಡಗಳು ಸಮಸಮವಾಗಿದ್ದಾಗ ಸವೆದ ಬೂಟು ಜಾರಿತು. ನಾಯಕ ಬಿದ್ದ. ಇಬ್ಬರು ಅವನನ್ನು ಎತ್ತಿ ತಂದು ಬೆಂಚಿನ ಮೇಲೆ ಕೂರಿಸಿದರು. ಅವನ ಬದಲು ಹೊಸ ಬೂಟು ಓಡಿತು. ಇನ್ನೂ ಒಗ್ಗದೆ ಗಡುಸಾಗಿದ್ದ ಅದು ಬದಲಿ ಆಟಗಾರನ ಹಿಮ್ಮಡಿಯನ್ನು ಕಚ್ಚಿತು. ಅವನು ಕುಂಟಿದ, ಚೆಂಡು ಕೈತಪ್ಪಿತು, ಟ್ರೋಫಿ ಎದುರಾಳಿಗಳ ಪಾಲಾಯಿತು.

"ನೋಡಿದಿರಾ?" ಎಂದಿತು ನಾಯಕನ ಬೂಟು. "ಇದಕ್ಕೇ ನಾನು ಆ ಹೊಸಬನನ್ನು ಇಷ್ಟು ದಿನ ಒಳಗೆ ಬಿಟ್ಟಿರಲಿಲ್ಲ."

"ಸರಿ," ಎಂದಿತು ಬೆಂಚು. "ಸ್ವಲ್ಪ ಆಚೆ ಸರಿಯಿರಿ. ಅವರೂ ಕುಂಟುತ್ತ ಬರುತ್ತಿದ್ದಾರೆ."