ಮುಚ್ಚಿಟ್ಟ ತಂಬಿಗೆ

“ಗುರುಗಳೇ, ನಮ್ಮೂರಿನ ಈ ತುದಿಯಿಂದ ಆ ತುದಿಯವರೆಗೆ ಕೇಳಿ ನೋಡಿ. ನನ್ನ ಮೇಲೆ ದೂರು ಹೇಳುವವನು ಒಬ್ಬನೂ ಸಿಗುವುದಿಲ್ಲ. ಅಂದಮೇಲೆ ನನ್ನಿಂದ ಯಾರಿಗೂ ನೋವಾಗಿಲ್ಲ ಎಂದು ತಾನೇ ಅರ್ಥ?” ಎಂದು ಶಿಷ್ಯ ಕೆಂಡಗಣ್ಣ ಎದೆಯುಬ್ಬಿಸಿ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು.

ಹೊಳೆಯ ದಡದಲ್ಲಿ ಒಬ್ಬ ಹರಳು ಅಗೆಯುವವನಿದ್ದ. ಗುಂಡಿ ತೋಡುವನು, ಕೆಮ್ಮಣ್ಣನ್ನು ಜರಡಿಗೆ ತುಂಬುವನು, ಹೊಳೆಯಲ್ಲಿ ಅಲುಗಿಸಿ ತೊಳೆಯುವನು. ಮಣ್ಣು ನೀರಿನೊಡನೆ ಹೋಗುತ್ತಿತ್ತು. ಕಲ್ಲು ಜರಡಿಯಲ್ಲಿ ಉಳಿಯುತ್ತಿತ್ತು. ಹರಳು ಗುರುತಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ.

ಅವನ ಒಬ್ಬಳೇ ಮಗಳನ್ನು ಅದೇ ಹೊಳೆಯ ಕೆಳಗಿನ ಊರಿಗೆ ಕೊಟ್ಟಿತ್ತು. ಒಂದು ದಿನ ಒಳ್ಳೆಯ ಕೆಂಪು ಹರಳು ಸಿಕ್ಕಿತು. ಮಾರಲು ಮನಸ್ಸು ಬರಲಿಲ್ಲ. ಮೊಮ್ಮಗಳಿಗೆ ಇರಲಿ ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡು, ಗುಡ್ಡದ ದಾರಿ ಹಿಡಿದು ಮಗಳ ಮನೆಗೆ ಬಂದ.

“ಒಣಗಿದ ಹರಳು ನೋಡಬಾರದು ಕಣವ್ವ. ನೀರಿಗೆ ಬಿದ್ದರೇನೇ ಅದರ ಬಣ್ಣ” ಎನ್ನುತ್ತ, ಮೂಲೆಯಲ್ಲಿ ಮುಚ್ಚಿಟ್ಟಿದ್ದ ತಂಬಿಗೆಯನ್ನು ಎಳೆದುಕೊಂಡು, ಮಣ್ಣು ಮೆತ್ತಿದ ಹರಳನ್ನು ಅದರೊಳಗೆ ಅದ್ದಿ ಉಜ್ಜಿದ. ಮಗಳು ತಡೆಯಲು ಕೈ ಚಾಚಿದಳು. ಅಪ್ಪನ ಮುಖದ ಹಿಗ್ಗು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು.

“ಚೆನ್ನಾಗಿದೆ ಅಪ್ಪಾ” ಎಂದಳು.

ಸ್ವಲ್ಪ ಹೊತ್ತಿಗೆ ಮಗು ನೀರಿಗೆ ಅತ್ತಿತು. ಭೇದಿಯಿಂದ ಸೊರಗಿ, ಎರಡು ದಿನದ ಹಿಂದಷ್ಟೇ ಚೇತರಿಸಿಕೊಂಡಿದ್ದ ಮಗು. ಮಗಳು ಹಿತ್ತಲಿಗೆ ಹೋದಳು. ಅಪ್ಪ ಹಿಂದೆಯೇ ಹೋಗಿ ನೋಡಿದ. ಹೊಳೆಯಿಂದ ತಂದ ಕೊಡದ ತುಂಬ ಕೆಂಪು ನೀರು. ಅವಳು ನೀರು ತಿಳಿಗೊಳಿಸುವ ಚಿಲ್ಲದ ಬೀಜವನ್ನು ಕಲ್ಲಿನ ಮೇಲೆ ತೇಯ್ದು, ಆ ನೀರಿಗೆ ಕದಡಿ, ಮಣ್ಣು ತಳಕ್ಕೆ ಇಳಿಯಲೆಂದು ಕಾಯುತ್ತ ಕುಳಿತಳು. ತಿಳಿಯಾದ ಮೇಲೆ ಸೋಸಬೇಕು, ಕಾಯಿಸಬೇಕು, ಆರಿಸಬೇಕು. ಮಗುವಿಗೆಂದು ದಿನಕ್ಕೆ ಒಂದು ತಂಬಿಗೆ ಆಗುತ್ತಿತ್ತು. ಆ ದಿನದ ತಂಬಿಗೆಯಲ್ಲಿ ಅಪ್ಪ ಹರಳು ತೊಳೆದಿದ್ದ.

ಅವನು ಕೊಡಕ್ಕೆ ಕೈ ಹಾಕಿ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದ. ಗುರುತು ಹೇಳಲು ಇನ್ನೊಬ್ಬರು ಬೇಕಿರಲಿಲ್ಲ. ಅದು ಅವನ ಗುಂಡಿಯ ಮಣ್ಣು.

“ಯಾವಾಗಿನಿಂದ ಹೀಗೆ?”

“ನೀನು ಅಲ್ಲಿ ಅಗೆಯಲು ಶುರುಮಾಡಿದಾಗಿನಿಂದ.”

“ಯಾಕವ್ವ ಹೇಳಲಿಲ್ಲ?”

“ನೀನು ಬಂದಾಗಲೆಲ್ಲ ಹರಳು ಸಿಕ್ಕ ಕತೆ ಹೇಳಿಕೊಂಡು ನಗುತ್ತಿದ್ದೆ. ಹೇಗೆ ಹೇಳಲಪ್ಪಾ?”

ನೀರು ತಿಳಿಯಾಗುವವರೆಗೆ ಅವನು ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಲ್ಲಿ ತಿರುಗಿದ. ಊರಿಗೆ ಮರಳಿದವನೇ ಹೊಳೆಯಿಂದ ದೂರದಲ್ಲಿ ಒಂದು ಹೊಂಡ ತೋಡಿದ. ಅಂದಿನಿಂದ ಅಲ್ಲಿಗೆ ನೀರು ಹೊತ್ತು, ಅಲ್ಲೇ ಜರಡಿ ತೊಳೆದ. ಕೆಲಸ ಮೂರು ಪಟ್ಟಾಯಿತು. ಹೊಳೆಗೆ ಮತ್ತೆ ಜರಡಿ ಇಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೆಂಡಗಣ್ಣನಿಗೆ ತಡೆಯಲಾಗಲಿಲ್ಲ.

“ತಪ್ಪು ಮಗಳದ್ದೇ ಗುರುಗಳೇ! ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕಿತ್ತು. ಪ್ರೀತಿ ಇರುವವರು ಬೈದಾದರೂ ಹೇಳುತ್ತಾರೆ. ನಮ್ಮವ್ವ ಅಂಥವಳು. ಮುಖ ನೋಡದೆ ಬೈಯುತ್ತಾಳೆ.”

ಗುರುಗಳು ಅವನ ಬೆನ್ನು ಸವರಿ ಕೇಳಿದರು: “ಈಚೆಗೆ ಯಾವತ್ತು ಬೈದಳಪ್ಪಾ, ನಿಮ್ಮವ್ವ?”