ರಾಣಿಗೆ ಹಾಕಿದ ತಡೆ

ವರದಾ ನದಿಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಇರುವವರು ಇಬ್ಬರೇ, ಅಜ್ಜಾರು ಮತ್ತು ಅವರ ಶಿಷ್ಯ ಅಡಿವೆಪ್ಪ.

ಅಡಿವೆಪ್ಪನಿಗೆ ಜೇನು ಸಾಕುವ ಹುಚ್ಚು. ಮಾರುವುದಕ್ಕಲ್ಲ, ಸುಮ್ಮನೆ ಖುಷಿಗೆ. ಪೂಜೆಗೆ ಕೂತಾಗಲೂ ಅವನ ಒಂದು ಕಿವಿ ಹಿತ್ತಲಿನ ಪೆಟ್ಟಿಗೆಯ ಕಡೆಗೇ ಇರುತ್ತಿತ್ತು.

ಆದರೆ ಪಾಪ, ಜೇನು ಅವನ ಕೈಗೆ ಹತ್ತಲೇ ಇಲ್ಲ. ಮೊದಲ ಜೇನು ಸಂಸಾರವನ್ನು ಅವನೇ ಓಡಿಸಿದ. ಒಳಗೇನು ನಡೆದಿದೆ ನೋಡೋಣ ಅಂತ ದಿನಾ ಮುಚ್ಚಳ ತೆಗೆದರೆ ಯಾರು ತಾನೇ ಇರುತ್ತಾರೆ? ಒಂದು ಬೆಳಗ್ಗೆ ಅಷ್ಟೂ ಹುಳ ಎದ್ದು ಹೋದವು.

ಬುದ್ಧಿ ಕಲಿತೆ ಅಂದುಕೊಂಡು ಎರಡನೆಯದನ್ನು ಮಳೆಗಾಲವಿಡೀ ಮುಟ್ಟಲೇ ಇಲ್ಲ. ಕೊನೆಗೆ ತೆಗೆದರೆ ಜೇನು ಕಟ್ಟಿದ ಎರಿಗಳ ತುಂಬ ಮೇಣ ತಿನ್ನುವ ಹುಳು ಬಲೆ ಕಟ್ಟಿಕೊಂಡು ಕೂತಿತ್ತು. ಜೇನಿನ ಸುಳಿವಿಲ್ಲ.

ಮೂರನೆಯದು ನಿಂತಿತು. ಬೇಸಿಗೆಯಲ್ಲಿ ಒಂದು ಬಟ್ಟಲು ಜೇನುತುಪ್ಪವನ್ನೂ ಕೊಟ್ಟಿತು. ಅದನ್ನು ಹಿಡಿದುಕೊಂಡು ಅಡಿವೆಪ್ಪ ಬಂದ ಠೀವಿ ನೋಡಬೇಕಿತ್ತು!

ಅಜ್ಜಾರು ಬೆರಳದ್ದಿ ನೆಕ್ಕಿದರು.

"ಭಾಳ ರುಚಿ ಐತೋ ಅಡಿವೆಪ್ಪಾ."

ಅಡಿವೆಪ್ಪ ಆ ದಿನವೆಲ್ಲ ಯಾರೂ ಕೇಳದಿದ್ದರೂ ಹಾಡಿಕೊಂಡು ತಿರುಗಿದ.

ಆ ಖುಷಿಯ ಬೆನ್ನಿಗೇ ಹೆದರಿಕೆಯೂ ಹತ್ತಿತು. ಇದೂ ಹೋಗಿಬಿಟ್ಟರೆ? ಇದು ಹೋದರೆ ಇನ್ನು ಜೇನಿನ ಸಹವಾಸವೇ ಬೇಡ ಅನ್ನುವಷ್ಟು ಅವನ ಜೀವ ಸೋತಿತ್ತು. ಪೇಟೆಗೆ ಹೋಗಿ ಸಣ್ಣ ಸೀಳುಗಳಿರುವ ಒಂದು ತಗಡು ತಂದು ಪೆಟ್ಟಿಗೆಯ ಬಾಗಿಲಿಗೆ ಹಾಕಿದ. ಅದಕ್ಕೆ ರಾಣಿ ತಡೆ ಅನ್ನುತ್ತಾರೆ. ಕೆಲಸದ ಹುಳಗಳು ಸೀಳಿನಲ್ಲಿ ನುಸುಳಿ ಹೋಗಿ ಬರುತ್ತವೆ, ಮೈ ದಪ್ಪಗಿರುವ ರಾಣಿಗೆ ಆಗುವುದಿಲ್ಲ. ರಾಣಿ ಒಳಗಿದ್ದರೆ ಉಳಿದವೂ ಬಿಟ್ಟು ಹೋಗುವುದಿಲ್ಲ.

ಕೆಲವು ವಾರ ನೆಮ್ಮದಿಯಾಗಿತ್ತು. ಆಮೇಲೆ ಪೆಟ್ಟಿಗೆಯ ಗುಂಯ್ ಸದ್ದು ದಿನದಿಂದ ದಿನಕ್ಕೆ ಕಡಿಮೆಯಾಯಿತು.

"ಅಜ್ಜಾರ, ಸ್ವಲ್ಪ ಬರ್ರಿ," ಎಂದು ಅಡಿವೆಪ್ಪ ಕರೆದ.

ಅಜ್ಜಾರು ಹೊಗೆ ಹಿಡಿದು, ಒಂದು ಎರಿ ಎತ್ತಿ ಬಿಸಿಲಿಗೆ ಹಿಡಿದರು. ಕೋಣೆಗಳೆಲ್ಲ ಖಾಲಿ. ತತ್ತಿ ಇಲ್ಲ, ಮರಿ ಇಲ್ಲ. ಎರಿಯ ಮೇಲೆ ಎಳೆಯ ರಾಣಿಯೊಂದು ಗಡಿಬಿಡಿಯಿಂದ ಓಡಾಡುತ್ತಿತ್ತು.

"ಹಳೇ ರಾಣಿ ಸತ್ತಾಳ. ಹುಳಾ ಹೊಸಾಕಿನ್ನ ಬೆಳಸ್ಕೊಂಡಾವ."

"ಮತ್ತ ಈಕಿ ಯಾಕ ತತ್ತಿ ಇಡವಲ್ಲಳ್ರಿ?"

"ಮದಿವಿ ಆಗಿಲ್ಲ."

"ಹಾಂ?"

"ರಾಣಿ ಮದಿವಿ ಮುಗಲಾಗ ಆಗೂದು. ಹೊರಗ ಹಾರಿ ಹೋಗಿ ಗಂಡು ಹುಳಾನ ಕೂಡಿ ಬರಬೇಕು. ಆಮ್ಯಾಲೆ ತತ್ತಿ ಇಡತಾಳ. ನೀ ನೋಡಿದ್ರ ಬಾಗಲಕ್ಕ ತಗಡ ಹಾಕೀದಿ. ಇನ್ನ ತಡಾ ಮಾಡಿದ್ರ ಅಕಿ ವಯಸ್ಸು ದಾಟತೈತಿ."

ಅಡಿವೆಪ್ಪ ಬಾಗಿಲ ತಗಡನ್ನೇ ನೋಡಿದ. ಉಳಿಸಿಕೊಳ್ಳಬೇಕೆಂದು ತಾನೇ ಕೈಯಾರೆ ಕೊಲ್ಲುತ್ತಿದ್ದ.

"ತಗಡ ತಗದ್ರ, ಹೋದಾಕಿನ್ನ ಹಕ್ಕಿ ಹಿಡದ್ರ ಅಜ್ಜಾರ?"

"ಹಿಡೀಬಹುದು."

"ದಾರಿ ತಪ್ಪಿದ್ರ?"

"ತಪ್ಪಬಹುದು."

"ಎಲ್ಲಾ ಹುಳಾನೂ ಕರಕೊಂಡ ಹೋಗಿಬಿಟ್ರ?"

"ಹೋಗಬಹುದು."

"ತಗೀಲಿಲ್ಲಂದ್ರ?"

"ಖಾಲಿ ಪೆಟಗಿ ನಿನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ ತಗೋ."

ಅಷ್ಟು ಹೇಳಿ ಅಜ್ಜಾರು ಪೆಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತುಬಿಟ್ಟರು. ತಗಡು ತೆಗೆಯುವ ಕೆಲಸ ಅಡಿವೆಪ್ಪನಿಗೇ ಬಿತ್ತು. ಕೈ ಚಾಚಿದ, ಹಿಂದೆ ತೆಗೆದುಕೊಂಡ. ಆಮೇಲೆ ಕಣ್ಣು ಮುಚ್ಚಿ ಕಿತ್ತೇ ಕಿತ್ತ.

ಮಧ್ಯಾಹ್ನ ಬಿಸಿಲೇರಿದಾಗ ರಾಣಿ ಬಾಗಿಲ ಹಲಗೆಗೆ ಬಂದಳು. ಪೆಟ್ಟಿಗೆಯತ್ತ ಮುಖ ಮಾಡಿ ಒಂದು ಸುತ್ತು ಹಾರಿದಳು, ಇನ್ನೊಂದು ಸುತ್ತು ಹಾರಿದಳು, ಆಮೇಲೆ ಕಾಣಲಿಲ್ಲ.

ಅಡಿವೆಪ್ಪ ಕುತ್ತಿಗೆ ಎತ್ತಿ ನಿಂತ. ಹಕ್ಕಿ ಹಾರಿದರೆ ಬೈದ, ಮೋಡ ಬಂದರೆ ಬೈದ. ಊಟದ ನೆನಪೂ ಆಗಲಿಲ್ಲ. ಹೊತ್ತು ಇಳಿಯಿತು.

"ಬರಲಿಲ್ರಿ ಅಜ್ಜಾರ." ಅಡಿವೆಪ್ಪ ಕಟ್ಟೆಯ ಬಳಿ ಬಂದ. "ಹ್ವಾದ್ಲು. ನನ್ನ ಕೈಯಾರೆ ಬಿಟ್ಟು ಕಳಕೊಂಡೆ."

ಅಜ್ಜಾರು ಹೊಸೆದ ಬತ್ತಿಗಳನ್ನು ಕಟ್ಟಿಟ್ಟರು.

"ನಾ ಹೇಳೂತನಕ ಪೆಟಗಿ ಮುಟ್ಟಬ್ಯಾಡ. ನಡಿ, ರೊಟ್ಟಿ ತಿನ್ನು."

ಕೆಲವು ದಿನ ಕಳೆದು ಅಜ್ಜಾರು ಹೂಂ ಅಂದ ದಿನ ಅಡಿವೆಪ್ಪ ಮುಚ್ಚಳ ತೆಗೆದ, ಪೆಟ್ಟಿಗೆ ತೊಳೆದು ಅಟ್ಟಕ್ಕೆ ಹಾಕುವ ಮನಸ್ಸಿನಲ್ಲಿ. ಎರಿ ಎತ್ತಿದ. ಅಯ್ಯ ಶಿವನೇ! ಕೋಣೆಗೊಂದು ತತ್ತಿ, ಬಿಳಿ ದಾರದ ಚೂರಿನ ಹಾಗೆ. ನಡುವೆ ರಾಣಿ ಹೊಟ್ಟೆ ತುಂಬಿಕೊಂಡು ಬಸುರಿ ಹೆಂಗಸಿನಂತೆ ನಿಧಾನ ನಡೆಯುತ್ತಿದ್ದಳು.

ಅಡಿವೆಪ್ಪ ನಕ್ಕ, ಅತ್ತ. ಒಂದು ಹುಳ ಮೂಗಿಗೆ ಕಚ್ಚಿದರೂ ಅವನಿಗೆ ತಿಳಿಯಲಿಲ್ಲ. ಓಡೋಡಿ ಒಳಗೆ ಬಂದ.

"ಅಜ್ಜಾರ! ಅಕಿ ಬಂದಾಳ್ರೀ!"

"ಅವತ್ತ ಬಂದ್ಲು. ನಾ ನೋಡೀನಿ."

"ಮತ್ತ ನನಗ ಹೇಳಬಾರದೇನ್ರಿ?"

"ಹೇಳಿದ್ರ ಅವತ್ತ ಮುಚ್ಚಳ ತಗೀತಿದ್ದಿ."

ಅದೇನೂ ಸುಳ್ಳಲ್ಲ. ಅಡಿವೆಪ್ಪನಿಗೂ ನಗು ಬಂತು. ಆದರೂ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು.

"ನಾ ಕಣ್ಣ ಮಿಟಕಿಸದ ನೋಡಕೋತ ನಿಂತಿದ್ನಲ್ರಿ. ನನಗ್ಯಾಕ ಕಾಣಲಿಲ್ಲ?"

ಅಜ್ಜಾರು ಅವನ ಬಾತ ಮೂಗಿಗೆ ಸುಣ್ಣ ಹಚ್ಚಿದರು.

"ನೀ ಮುಗಲ ನೋಡಕೋತ ನಿಂತಿದ್ದಿ. ಅಕಿ ಬಾಗಲಕ್ಕ ಬಂದ್ಲು."